ಓಗೊಡಬಾರದ ಊರು

ಆಷಾಢ ಮಾಸದಲ್ಲಿ ನೋಡುವಂಥ ಜಾಗ ಒಂದೂ ಸಿಗದೆ ಹೋದದ್ದೇ ಮೌನೇಶನ ಫಜೀತಿಗೆಲ್ಲ ಮೂಲ.

ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಹಿಂದೆ ಅವನದೊಂದು ಫೋಟೋ ಸ್ಟುಡಿಯೋ, ಅದರ ಪಕ್ಕಕ್ಕೆ ಗೀತಮ್ಮನ ಟೆಂಪೋ ಆಫೀಸು. ಮದುವೆ ದಿಬ್ಬಣಗಳಿಗೆ ಗಾಡಿ ಬಿಡುತ್ತಿದ್ದ ಗೀತಮ್ಮನಿಗೆ ಈ ವರ್ಷ ಹೊಸ ಹುಮ್ಮಸ್ಸು ಬಂದಿತ್ತು. ಸುತ್ತಲಿನ ಜಾಗಗಳನ್ನು ವರ್ಷವಿಡೀ ಜನಕ್ಕೆ ತೋರಿಸಬೇಕು. ತಿಂಗಳಿಗೊಂದು ಜಾಗ, ಜಾಗಕ್ಕೊಂದು ಫೋಟೋ, ಕೆಳಗೆ ನಾಲ್ಕು ಸಾಲು. ಅದನ್ನೆಲ್ಲ ಮೌನೇಶನ ತಲೆಗೆ ಕಟ್ಟಿದಳು. ಚಳಿಗೆ ಅಂಕಸಮುದ್ರದ ಹಕ್ಕಿ, ಬೇಸಿಗೆಯ ಸಂಜೆಗೆ ಗುಡೇಕೋಟೆಯ ಕರಡಿ, ಮಳೆ ಹಿಡಿದ ಮೇಲೆ ಉಚ್ಚಂಗಿದುರ್ಗದ ಗುಡ್ಡ, ನಡುವೆ ಹಡಗಲಿಯ ಮಲ್ಲಿಗೆ ತೋಟ. ಎಲ್ಲ ಸಲೀಸಾಗಿ ಬಂತು. ಆಷಾಢಕ್ಕೆ ಮಾತ್ರ ಗಾಳಿ ಬಿಟ್ಟು ಬೇರೇನೂ ಇರಲಿಲ್ಲ.

ಯೋಚಿಸಿ ಯೋಚಿಸಿ ತಲೆ ಕೆಟ್ಟ ಮೌನೇಶ ಕೊನೆಗೆ ಒಂದು ಕತೆ ಕಟ್ಟಿದ. ಕೂಡ್ಲಿಗಿ ಸೀಮೆಯ ಕಲ್ಲುಗುಡ್ಡಗಳ ಹಿಂದೆ ಹಾಳ ಗುಂಡ್ಲಹಳ್ಳಿ ಎಂಬ ಊರಿದೆ, ಜನ ಬಿಟ್ಟುಹೋಗಿ ಎಷ್ಟೋ ಕಾಲವಾಗಿದೆ. ಆಷಾಢದ ಮಟಮಟ ಮಧ್ಯಾಹ್ನ ಅಲ್ಲಿ ನಿಂತರೆ ಯಾರೋ ಹೆಸರು ಹಿಡಿದು ಕರೆಯುತ್ತಾರೆ. ನಮಗೆ ಬೇಕಾದವರ ಧ್ವನಿಯಲ್ಲೇ ಕರೆಯುತ್ತಾರೆ. ಎಷ್ಟು ಸಲ ಕರೆದರೂ ಓಗೊಡಬಾರದು. ಓ ಎಂದವರು ತಿರುಗಿ ಬಂದಿಲ್ಲ. ಮೂರು ಸಲದ ಮೇಲೆ ಕರೆದರೆ ಮನುಷ್ಯರೇ ಎಂದು ಊರ ಹಿರಿಯರು ಹೇಳುವ ರಿಯಾಯಿತಿಯನ್ನು ಅವನು ಬೇಕೆಂದೇ ತೆಗೆದುಹಾಕಿದ. ಭಯ ಗಟ್ಟಿಯಾಗಿರಲಿ ಎಂದು.

ಗೀತಮ್ಮ ಓದಿ ಖುಷಿಯಾಗಿ ಶನಿವಾರ ಸಂಜೆಯೇ ಅದನ್ನು ಊರಿನ ವಾಟ್ಸಾಪ್ ಗುಂಪುಗಳಿಗೆಲ್ಲ ಹಾಕಿದಳು. ಕತೆ ಕಟ್ಟಿದ್ದಾದರೂ ಹಾಳೂರು ನಿಜವಾಗಿಯೂ ಇತ್ತು, ಅದರ ಫೋಟೋ ಒಂದು ಬಾಕಿ ಇತ್ತು. ಭಾನುವಾರ ಮೌನೇಶ ಬೈಕ್ ಹತ್ತಿ ಹೊರಟ.

ಹಾಳೂರು ತಲುಪಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಬಾಗಿಲಿಲ್ಲದ ಮನೆಗಳು ಹಲ್ಲು ಬಿದ್ದ ಬಾಯಿಗಳಂತೆ ತೆರೆದುಕೊಂಡಿದ್ದವು. ಗಾಳಿ ಒಂದು ಗೋಡೆಯ ಕಿಂಡಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟು ನರಳುತ್ತಿತ್ತು. ಒಂದು ಒಲೆಯ ಮುಂದೆ, ಯಾರೋ ಈಗಷ್ಟೇ ಎದ್ದು ಹೋದ ಹಾಗೆ, ನೆಲ ಗುಡಿಸಿದಂತಿತ್ತು. ಗಾಳಿಯೇ ಗುಡಿಸಿರಬೇಕು ಎಂದುಕೊಂಡು ಮೌನೇಶ ಕ್ಯಾಮರಾ ಎತ್ತಿದ.

"ಮೌನೇಶಾ..."

ಹೆಂಗಸಿನ ಧ್ವನಿ. ಅವನು ಕ್ಯಾಮರಾ ಕೆಳಗಿಳಿಸಿದ. ಈ ಕತೆ ತಾನೇ ಕಟ್ಟಿದ್ದಲ್ಲವೇ ಎಂದು ತನಗೆ ತಾನೇ ಹೇಳಿಕೊಂಡ.

"ಮೌನೇಶಾ, ಬಾರೋ..."

ಧ್ವನಿ ಹತ್ತಿರವಾಗಿತ್ತು. ಬಾಯಿಗೆ ಕೈ ಅಡ್ಡ ಹಿಡಿದು ಹಿಂದೆ ಹಿಂದೆ ಸರಿದ. ಹಿಂದೆ ಹಳೆಯ ಹಗೇವು ಇತ್ತು, ಜೋಳ ತುಂಬಿಡಲು ಹಿಂದಿನವರು ತೋಡಿದ ನೆಲದೊಳಗಿನ ಕಣಜ. ಮೌನೇಶ ಅದರೊಳಕ್ಕೆ ಸದ್ದಿಲ್ಲದೆ ಜಾರಿಬಿದ್ದ. ಕೆಳಗೆ ತರಗೆಲೆ ಮೆತ್ತಗಿದ್ದುದರಿಂದ ಎಲುಬು ಉಳಿದವು. ಮೇಲೆ ತಟ್ಟೆಯಷ್ಟಗಲ ಆಕಾಶ, ಸುತ್ತ ಕತ್ತಲು. ಫೋನಿಗೆ ಸಿಗ್ನಲ್ ಇರಲಿಲ್ಲ. ಕರೆಯುವ ಧ್ವನಿ ದೂರವಾಯಿತು.

ಎಷ್ಟೋ ಹೊತ್ತಿನ ಮೇಲೆ ಮಾತುಗಳು ಕೇಳಿದವು. ಗೀತಮ್ಮ ಉತ್ಸಾಹ ತಡೆಯಲಾರದೆ ಅವತ್ತೇ ಒಂದು ಟೆಂಪೋ ಜನರನ್ನು ಕರೆತಂದಿದ್ದಳು. ಮೌನೇಶನ ಹೆಂಡತಿ ಮಾಲಾ ಬಂದಿದ್ದಳು, ಎದುರುಮನೆಯ ಕೊಟ್ರಸ್ವಾಮಿಯೂ ಬಂದಿದ್ದ. ಕೊಟ್ರಸ್ವಾಮಿ ನಿವೃತ್ತ ಕಂಡಕ್ಟರ್. ಎಲ್ಲಿ ನಾಲ್ಕು ಜನ ಸೇರಿದರೂ ಸೀಟಿ ಅವನ ಬಾಯಲ್ಲೇ. ಇದ್ಯಾವುದೂ ಹಗೇವಿನಲ್ಲಿದ್ದವನಿಗೆ ಗೊತ್ತಿಲ್ಲ.

"ಏನ್ರೀ, ಎಲ್ಲದೀರಿ?" ಎಂದು ಮಾಲಾಳ ಧ್ವನಿ ಕೂಗಿತು.

ಬೇಕಾದವರ ಧ್ವನಿಯಲ್ಲೇ ಕರೆಯುತ್ತದೆ. ತಾನೇ ಬರೆದ ಸಾಲು ನೆನಪಾಗಿ ಮೌನೇಶ ಗೋಡೆಗೆ ಒತ್ತಿಕೊಂಡ. ತುಟಿ ಕಚ್ಚಿ ಕೂತ. ಆಕೆ ಮತ್ತೆ ಮತ್ತೆ ಕೂಗಿದಳು, ಕೊಟ್ರಸ್ವಾಮಿಯ ಧ್ವನಿಯೂ ಕೇಳಿತು, ಅವನು ಮಿಸುಕಲಿಲ್ಲ. ಅಷ್ಟರಲ್ಲಿ ಗೀತಮ್ಮನ ಟೆಂಪೋದ ಹಾರನ್ ಕೂಗಿತು. ಅಂಥ ಹಾರನ್ ತಾಲೂಕಿಗೆಲ್ಲ ಅದೊಂದೇ. ಯಾವ ದೆವ್ವಕ್ಕೂ ಅದನ್ನು ಅಣಕಿಸಲು ಬರುವುದಿಲ್ಲ. ಮೌನೇಶ ಜೀವ ಬಾಯಿಗೆ ತಂದುಕೊಂಡು ಒದರಿದ.

"ಮಾಲಾ, ನಾನು! ಇಲ್ಲೇ ಕೆಳಗದೀನಿ! ಕೊಟ್ರಸ್ವಾಮಿ ಅಣ್ಣಾ!"

ಮೇಲೆ ಓಡಾಡುತ್ತಿದ್ದ ಹೆಜ್ಜೆಗಳು ಗಕ್ಕನೆ ನಿಂತವು.

"ನಮ್ಮನಿಯವ್ರ ಧ್ವನಿ ಐತಲ್ರಿ," ಎಂದಳು ಮಾಲಾ.

"ಅದಕ್ಕೇ ಹೇಳ್ತೀನವ್ವ, ಯಾರೂ ಓ ಅನ್ನಬ್ಯಾಡ್ರಿ," ಎಂದ ಕೊಟ್ರಸ್ವಾಮಿ. "ಓದಿಲ್ಲೇನು ನಿನ್ನ ಗಂಡ ಬರದಿದ್ದು? ಬೈಕ್ ಐತಿ, ಮನುಷ್ಯ ಇಲ್ಲ. ಆತ ಓ ಅಂದಾನ, ಹೋಗ್ಯಾನ."

ಮೌನೇಶ ಧ್ವನಿ ಗುರುತು ಹಿಡಿದು ಒಬ್ಬೊಬ್ಬರನ್ನೂ ಹೆಸರಿನಿಂದ ಕರೆದ. ನೆಲದೊಳಗಿಂದ ಹೆಸರು ಬಂದವರೆಲ್ಲ ಚಪ್ಪಲಿ ಬಿಟ್ಟು ಓಡಿದರು. ಮಾಲಾಳ ಅಳು, ಟೆಂಪೋದ ಸದ್ದು, ಆಮೇಲೆ ಬರೀ ಗಾಳಿ.

ಅವನನ್ನು ಎತ್ತಿದವನು ಕುರಿ ಕಾಯುವ ಎರ್ರೆಪ್ಪ. ಅವನು ವಾಟ್ಸಾಪ್ ಓದುವವನಲ್ಲ. ನೆಲ ಮಾತಾಡಿದ್ದನ್ನು ಕೇಳಿ ಬಗ್ಗಿ ನೋಡಿ, ಹಗ್ಗ ಇಳಿಬಿಟ್ಟ. ಮೇಲೆ ಬಂದ ಮೌನೇಶ ಮೊದಲು ಕೇಳಿದ್ದು, ಮಧ್ಯಾಹ್ನ ತನ್ನನ್ನು ಕರೆದ ಹೆಂಗಸು ಯಾರು ಎಂದು.

"ನಮ್ಮ ಗಾದೆಮ್ಮ ರೀ," ಎಂದು ಎರ್ರೆಪ್ಪ ಬಂಡೆಯ ನೆರಳಿನಲ್ಲಿ ಕೂತಿದ್ದ ಹೆಂಡತಿಯನ್ನು ತೋರಿಸಿದ. "ನಿಮ್ಮನ್ನಲ್ಲ, ನಮ್ಮ ಟಗರನ್ನ ಕರದಾಳ. ಹುಟ್ಟಿದಾಗ್ಲಿಂದ ಒಂದ್ಸಲಾನೂ ಒದರಿಲ್ಲ ಅದು. ಅದಕ್ಕ ಮೌನೇಶ ಅಂತ ಹೆಸರಿಟ್ಟಾಳ."

ಟಗರು ಮೌನೇಶನನ್ನು ಒಮ್ಮೆ ನೋಡಿ, ಮಾತಿಲ್ಲದೆ ಮುಖ ತಿರುಗಿಸಿತು.

ಬೈಕ್ ಇದ್ದಲ್ಲೇ ಇತ್ತು. ಮುಟ್ಟುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಸಂಜೆಗೆ ಮನೆ ಮುಟ್ಟಿ ಬಾಗಿಲು ತಟ್ಟಿ ಮಾಲಾ ಎಂದು ಕರೆದ. ಒಳಗೆ ದೀಪ ಆರಿತು. ಮತ್ತೆ ಕರೆದ, ಪಕ್ಕದ ಮನೆಯ ದೀಪವೂ ಆರಿತು. ಫೋನ್ ಮಾಡಿದರೆ ಬಾಗಿಲ ಹಿಂದೆಯೇ ರಿಂಗಾಯಿತು. "ಎತ್ತಬ್ಯಾಡವ್ವ," ಎಂದು ಒಳಗಿನಿಂದ ಕೊಟ್ರಸ್ವಾಮಿಯ ಪಿಸುಮಾತು ಕೇಳಿತು. ರಿಂಗು ನಿಂತಿತು. ಮುಖಕ್ಕೆ ಅಂಟಿದ ಧೂಳು, ಹರಿದ ಅಂಗಿ; ಕಿಟಕಿಯಿಂದ ಇಣುಕಿ ನೋಡಿದ ಹೆಂಡತಿ ಚಿಟ್ಟನೆ ಚೀರಿ ಕದ ಹಾಕಿದಳು.

ಸೋತು ಕಟ್ಟೆಯ ಮೇಲೆ ಕೂತಾಗ ಗೀತಮ್ಮನ ಫೋನ್ ಬಂತು. ನಾನು ಬದುಕಿದ್ದೇನೆ ಎಂದು ನೀವಾದರೂ ನಂಬಿ ಎಂದು ಮೌನೇಶ ಗೋಗರೆದ.

"ನಿನ್ನ ಧ್ವನಿ ಅಂತ ನನಗ ಅಲ್ಲೇ ಗೊತ್ತಾಗಿತ್ತಪ್ಪ," ಎಂದಳು ಗೀತಮ್ಮ ತಣ್ಣಗೆ. "ಕುರಿ ಕಾಯೋರು ಅಲ್ಲೇ ಅದಾರ, ಎತ್ತತಾರ ಅಂತ ಸುಮ್ಮನ ಬಂದೆ. ಹೇಳಿಬಿಟ್ಟಿದ್ರ ದೆವ್ವ ಎಲ್ಲಿ ಉಳೀತಿತ್ತು?"

ಗೀತಮ್ಮ ಮುಂದುವರಿಸಿದಳು. ಹಕ್ಕಿಯೂ ಬೇಡ, ಕರಡಿಯೂ ಬೇಡ, ಹನ್ನೆರಡು ತಿಂಗಳೂ ಆ ಊರಿಗೇ ಹೋಗೋಣ ಎಂದು ಜನ ಗಂಟುಬಿದ್ದಿದ್ದಾರಂತೆ. ಬರುವ ಭಾನುವಾರ ಅವನು ಮುಂಚೆಯೇ ಹೋಗಿ ಹಗೇವಿನಲ್ಲಿ ಇಳಿದಿರಬೇಕಂತೆ. ಕೂತು ಕರೆಯಲು ಅನುಕೂಲವಾಗಲಿ ಎಂದು ಒಂದು ಚಾಪೆಯನ್ನೂ ಕೊಡುತ್ತಾಳಂತೆ.

ಮೌನೇಶ ಮುಚ್ಚಿದ ಕದವನ್ನು ನೋಡಿದ. ಕದದ ಆಚೆ ಯಾರೋ ಬೇವಿನ ಸೊಪ್ಪು ಕಟ್ಟುವ ಸರಬರ ಸದ್ದು. ಆಷಾಢದ ಗಾಳಿ ಕಟ್ಟೆಯ ಮೇಲೆ ಬೀಸಿ ಹೋಯಿತು.

"ಭಾನುವಾರದ ಮಾತು ಆಮ್ಯಾಲೆ ನೋಡೋಣ್ರಿ," ಎಂದ. "ಚಾಪಿ ಮಾತ್ರ ಈಗಲೇ ಕಳಸ್ರಿ."