ಸೈನ್ಯದ ನೀರಿನ ಲಾರಿಗೆ ಎಷ್ಟು ನಲ್ಲಿ?

ಐವತ್ತು ದಾಟಿದ ಗಂಡಸು ಆಟದ ಸಾಮಾನು ಕೊಳ್ಳಲು ಹೋದರೆ ಅಂಗಡಿಯವರು ಕೇಳುವ ಮೊದಲ ಪ್ರಶ್ನೆ, "ಮಗೂಗೆ ಎಷ್ಟು ವರ್ಷ ಸಾರ್?" ನಾನು "ಎಂಟು" ಎಂದು ಸುಳ್ಳು ಹೇಳುತ್ತಾ ಬಂದಿದ್ದೇನೆ. ಆ ಪ್ರಕಾರ ನಮ್ಮ ಮನೆಯ ಮಗುವಿಗೆ ಹತ್ತು ವರ್ಷಗಳಿಂದಲೂ ಎಂಟೇ ವರ್ಷ. ಈಗ ಒಪ್ಪಿಕೊಂಡುಬಿಡುತ್ತೇನೆ, ಆ ಮಗು ನಾನೇ. ಕೋಲಾರದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವ ನಾನು, ಭಾನುವಾರ ಬಂತೆಂದರೆ ಮಾಲೂರಿನ ಗೆಳೆಯ ನಾರಾಯಣಸ್ವಾಮಿಯ ಜೊತೆ ಊಟದ ಮೇಜಿನ ಮೇಲೆ ಹಳೆಯ ಯುದ್ಧಗಳನ್ನು ಮತ್ತೆ ನಡೆಸುತ್ತೇನೆ. ಕಿರುಬೆರಳುದ್ದದ ಟ್ಯಾಂಕುಗಳು, ಕಡಲೆಬೀಜದಷ್ಟು ಎತ್ತರದ ಸೈನಿಕರು. ಟೇಪು ಹಿಡಿದು ಅಳೆದು ಸೈನ್ಯವನ್ನು ಮುಂದಕ್ಕೆ ಸರಿಸಬೇಕು, ಗುಂಡು ತಗುಲಿತೋ ಇಲ್ಲವೋ ಎಂಬುದನ್ನು ದಾಳ ಹಾಕಿ ತೀರ್ಮಾನಿಸಬೇಕು. ಇದೆಲ್ಲ ಮುಗಿಯುವವರೆಗೆ ನನ್ನ ಹೆಂಡತಿ ಸರೋಜ ಸಾರಿನ ಪಾತ್ರೆ ಹಿಡಿದು ಗಡಿಯಲ್ಲಿ ಕಾಯಬೇಕು.

ಈ ಹುಚ್ಚು ಹತ್ತಿದ ಹೊಸದರಲ್ಲಿ ದೊಡ್ಡ ಫಿರಂಗಿಯ ಟ್ಯಾಂಕು ಬೇಕೆನಿಸುತ್ತದೆ. ಅದು ಎಲ್ಲ ಕಡೆ ಸಿಗುತ್ತದೆ. ಹುಚ್ಚು ಬಲಿತ ಮೇಲೆ ಯಾರ ಬಳಿಯೂ ಇಲ್ಲದ ಗಾಡಿ ಬೇಕೆನಿಸುತ್ತದೆ. ಸೈನ್ಯದಲ್ಲಿ ಒಂದೇ ಲಾರಿ ಹಲವು ರೂಪ ತಾಳುತ್ತದೆ. ಒಂದರ ಬೆನ್ನ ಮೇಲೆ ವೈರ್‌ಲೆಸ್ ಕೋಣೆ, ಇನ್ನೊಂದರಲ್ಲಿ ರಿಪೇರಿಯ ವರ್ಕ್‌ಶಾಪು. ಆದರೆ ಗುಂಡು ಹಾರಿಸದ ಗಾಡಿಗಳೆಂದರೆ ಈ ಪುಟ್ಟ ಮಾದರಿಗಳ ಬಿಡಿಭಾಗದ ಕಿಟ್ ತಯಾರಿಸುವವರಿಗೆ ತಾತ್ಸಾರ. ನಮ್ಮ ಮರುಭೂಮಿ ಯುದ್ಧದ ನಡುವೆ ಒಂದು ದಿನ ನಾರಾಯಣಸ್ವಾಮಿ, "ಏನ್ಲಾ, ನೀರಿಲ್ದೆ ನಿನ್ ಪಟಾಲಂ ಮೂರು ದಿನದಿಂದ ಹೆಂಗೆ ನಡೀತಾ ಐತೆ? ನೀರಿನ ಲಾರಿ ತರೋಗಂಟ ಒಂದು ಇಂಚು ಮುಂದಕ್ಕೆ ಬಿಡಲ್ಲ ಕಣೋ" ಎಂದು ತಕರಾರು ತೆಗೆದ. ಎಷ್ಟು ಹುಡುಕಿದರೂ ಸಿಗಲಿಲ್ಲ. ನಾನೇ ಮಾಡಲು ಕುಳಿತೆ. ಮೂಗಿಗೆ ಬಿಡುವ ಔಷಧಿಯ ಶೀಶೆಯೇ ನೀರಿನ ತೊಟ್ಟಿಯಾಯಿತು. ಆದರೆ ನಲ್ಲಿಗಳು ಎಷ್ಟು, ಎಲ್ಲಿ? ಸಿಕ್ಕಿದ ಒಂದೇ ಒಂದು ಫೋಟೋದಲ್ಲಿ ಯಾರೋ ದಪ್ಪ ಅಧಿಕಾರಿ ಅಡ್ಡ ನಿಂತು ಎಲ್ಲವನ್ನೂ ಮರೆಮಾಡಿದ್ದ.

ಉತ್ತರ ಬಲ್ಲವರು ಹುತ್ತೂರಿನಲ್ಲಿ ರೇಷ್ಮೆಹುಳುಗಳಿಗೆ ಸೊಪ್ಪು ಹಾಕಿಕೊಂಡಿದ್ದರು. ಅವರು ನನ್ನ ಮಾವ ವೆಂಕಟರಾಮಪ್ಪನವರು. ಮಿಲಿಟರಿಯಲ್ಲಿ ಇಪ್ಪತ್ತು ವರ್ಷ ನೀರಿನ ಲಾರಿ ಓಡಿಸಿದವರು. ಮದುವೆಯಾದ ಹೊಸದರಲ್ಲಿ ಯುದ್ಧದ ಕಥೆ ಹೇಳಿ ಎಂದು ಅವರನ್ನು ಪೀಡಿಸುತ್ತಿದ್ದೆ. ಅವರು ಒಂದು ಗುಂಡೂ ಹಾರಿಸಿಲ್ಲವೆಂದು ತಿಳಿದ ಮೇಲೆ ಕೇಳುವುದನ್ನು ಬಿಟ್ಟೆ. ಅಷ್ಟಕ್ಕೇ ಸುಮ್ಮನಿರಬಾರದೆ? ನಮ್ಮ ಮನೆಯ ಗೃಹಪ್ರವೇಶದ ದಿನ ಯಾರೋ "ನಿಮ್ಮ ಮಾವ ಮಿಲಿಟರೀಲಿದ್ರಂತೆ" ಎಂದಾಗ, "ಹೂಂ, ಬರೀ ನೀರಿನ ಲಾರಿ" ಎಂದುಬಿಟ್ಟೆ. ಮಾವ ಹಿಂದಿನ ಪಂಕ್ತಿಯಲ್ಲೇ ಊಟಕ್ಕೆ ಕುಳಿತಿದ್ದರು. ಅನ್ನ ಕಲೆಸುತ್ತಿದ್ದ ಅವರ ಕೈ ಒಂದು ಕ್ಷಣ ನಿಂತು ಮತ್ತೆ ಕಲೆಸತೊಡಗಿತು. ಅಂದಿನಿಂದ ಅವರು ನನ್ನೆದುರು ಸೈನ್ಯದ ಮಾತೆತ್ತಿಲ್ಲ. ನಾನು ತಪ್ಪಾಯಿತೆಂದು ಹೇಳಿಲ್ಲ.

ಈಗ ನಲ್ಲಿಯ ನೆಪದಲ್ಲಿ ಫೋನ್ ಮಾಡಿದೆ. "ಅದು ಬರೀ ನೀರಿನ ಲಾರಿ ಅಲ್ವಾ ಅಳಿಯಂದ್ರೇ? ಅದ್ರಲ್ಲಿ ಹೇಳೋಕೇನೈತೆ" ಎಂದರು. ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಇಷ್ಟು ವರ್ಷ ಇವರ ಮನಸ್ಸು ನೋಯಿಸಿದ್ದಕ್ಕೆ ಮಾಡದ ಫೋನನ್ನು ಆಟಿಕೆಯ ನಲ್ಲಿಗಾಗಿ ಮಾಡಿದೆನಲ್ಲ ಎಂದು ನಾಚಿಕೆಯಾಯಿತು. ಅಂದಾಜಿನ ಮೇಲೆ ಹಿಂದುಗಡೆ ಎರಡು ನಲ್ಲಿ ಅಂಟಿಸಿ ಬೀರುವಿನಲ್ಲಿಟ್ಟೆ.

ಆಯುಧಪೂಜೆಗೆ ಅತ್ತೆ ಮಾವ ಬಂದರು. ನಾನು ಸ್ಕೂಟರ್ ತೊಳೆದು ಒಳಗೆ ಬರುವಷ್ಟರಲ್ಲಿ ಅತ್ತೆ ಬೀರು ತೆಗೆದು, ನಲವತ್ತು ಗಾಡಿಗಳನ್ನೂ ಮಣೆಯ ಮೇಲೆ ಸಾಲಾಗಿ ನಿಲ್ಲಿಸಿ, ಒಂದೊಂದರ ಮೂತಿಗೂ ಅರಿಶಿನ ಕುಂಕುಮ ಹಚ್ಚಿಯಾಗಿತ್ತು. ನಾನು ಬಾಯಿ ಬಾಯಿ ಬಿಟ್ಟೆ. "ಏಮೈಂದಿ, ಏನಾಯ್ತು ಅಳಿಯಂದ್ರೇ? ಗಾಡಿ ಅಂದ್ಮೇಲೆ ಎಲ್ಲಾ ಗಾಡೀನೇ. ಸಣ್ಣವಾದ್ರೆ ಪೂಜೆ ಬೇಡ್ವಾ?" ಎಂದರು ಅತ್ತೆ. ಶತ್ರುವಿನ ಕಣ್ಣಿಗೆ ಬೀಳಬಾರದೆಂದು ತಿಂಗಳುಗಟ್ಟಲೆ ಮರಳಿನ ಬಣ್ಣ ಬಳಿದಿದ್ದ ಸೈನ್ಯ ಈಗ ಮುಳಬಾಗಿಲಿನಿಂದಲೇ ಕಾಣುವಂತಿತ್ತು. ರೇಗಬೇಕು ಎನ್ನುವಷ್ಟರಲ್ಲಿ, ಮಣೆಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತಿದ್ದ ಮಾವನನ್ನು ನೋಡಿದೆ. ಅವರ ಕೈಯಲ್ಲಿ ನೀರಿನ ಲಾರಿಯಿತ್ತು.

"ಇದ್ಯಾರು ಮಾಡಿದ್ದು?"

"ನಾನೇ ಮಾವ."

"ನಲ್ಲಿ ತಪ್ಪು. ಈ ಪಕ್ಕ ಮೂರು, ಆ ಪಕ್ಕ ಮೂರು ಬರ್ಬೇಕು. ಲಾರಿ ನಿಂತ್ರೆ ಸಾಕು, ಎರಡೂ ಕಡೆಯಿಂದ ಬಾಟ್ಲಿ ಹಿಡ್ಕೊಂಡು ಓಡಿ ಬರೋರು. ಒಬ್ಬೊಬ್ಬ ಕುಡಿಯೋದು ಬಿಟ್ಟು ಮೊದ್ಲು ಮುಖಕ್ಕೆ ಹಾಕ್ಕೊಳೋನು. ನಾನು ಬೈಯೋನು. ಬೈದ್ರೂ ನಗೋರು."

"ಮಾವ, ಅವತ್ತು ಗೃಹಪ್ರವೇಶದಲ್ಲಿ ನಾನು ಹಂಗನ್ನಬಾರದಿತ್ತು."

"ಗುಂಡುಸೂಜಿ ಐತಾ?" ಎಂದರು ಮಾವ.

ಇಬ್ಬರೂ ನೆಲದ ಮೇಲೆ ಕುಳಿತು ಗುಂಡುಸೂಜಿಯ ತಲೆ ಕತ್ತರಿಸಿ ಆರು ನಲ್ಲಿ ಕೂರಿಸಿದೆವು. ಸೊಪ್ಪು ಕತ್ತರಿಸಿ ಒರಟಾದ ಅವರ ಬೆರಳು ನನ್ನದಕ್ಕಿಂತ ಚುರುಕಾಗಿ ಓಡುತ್ತಿತ್ತು. ಮುಗಿದಾಗ ನನಗೆ ಹಿಗ್ಗೋ ಹಿಗ್ಗು. ಪ್ರಪಂಚದಲ್ಲಿ ಯಾರ ಬಳಿಯೂ ಇಲ್ಲದ, ಒಂದು ಮೊಳೆಯೂ ತಪ್ಪಿಲ್ಲದ ಲಾರಿ! ಮಾವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ಮುಂದಿನ ಗಾಜಿನೊಳಗೆ ಇಣುಕಿದರು.

"ಎಲ್ಲಾ ಸರಿಯಾಗೈತೆ ಅಳಿಯಂದ್ರೇ," ಎಂದರು. "ಡ್ರೈವರ್ ಎಲ್ಲಿ?"

ನನ್ನ ಪ್ರತಿ ಟ್ಯಾಂಕಿನಿಂದಲೂ ತಲೆ ಹೊರಹಾಕಿದ ಒಬ್ಬ ಕಮಾಂಡರ್ ಇದ್ದಾನೆ. ಒಂದೇ ಕೂದಲಿನ ಕುಂಚದಲ್ಲಿ ಅವರಿಗೆಲ್ಲ ಮೀಸೆ ಬರೆದಿದ್ದೇನೆ. ಈ ಲಾರಿಯನ್ನು ಓಡಿಸಲು ಒಬ್ಬ ಮನುಷ್ಯ ಬೇಕೆಂದು ಮಾತ್ರ ನನಗೆ ಹೊಳೆದೇ ಇರಲಿಲ್ಲ. ಕ್ಯಾಬಿನ್ನಿನ ಚಾವಣಿಯನ್ನು ಎಂದೂ ಬಿಡದಂಥ ಅಂಟು ಹಾಕಿ ಮುಚ್ಚಿಬಿಟ್ಟಿದ್ದೆ. ಬ್ಲೇಡು ತರಲು ಎದ್ದೆ.