ಹಕಾರವಿಲ್ಲದ ಹಾಡು

ನನ್ನ ಇಯರ್‌ಫೋನಿನ ಬಲಗಿವಿಯ ರಬ್ಬರು ಬಸ್ಸಿನಲ್ಲೆಲ್ಲೋ ಬಿದ್ದುಹೋಗಿದೆ. ಆ ಜಾಗಕ್ಕೆ, ದೀಪದ ಬತ್ತಿಗೆಂದು ಅಮ್ಮ ಇಟ್ಟಿದ್ದ ಹತ್ತಿಯಿಂದ ಒಂದು ಚೂರು ಕಿತ್ತು ಸುತ್ತಿಕೊಂಡಿದ್ದೇನೆ. ನೋಡಿದವರು ಪಾಪ, ಕಿವಿ ಸೋರುತ್ತಿರಬೇಕು ಎಂದುಕೊಳ್ಳುತ್ತಾರೆ. ಎಂದುಕೊಳ್ಳಲಿ. ನಾನು ಯಾವ ಹಾಡು ಕೇಳುತ್ತೇನೆ ಎಂಬುದು ಯಾರಿಗೂ ತಿಳಿಯದಿದ್ದರೆ ನನಗೆ ಸಾಕು. ನಾನು ಮೂರು ಸಲ ಕೇಳಿಸಿಕೊಂಡು ಒಂದು ಸಲ ಉತ್ತರ ಕೊಡುವವಳು. ಅಂಥವಳು ಬೆಳಗಿನ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿಕೊಂಡು ಕೇಳುವ ಹಾಡುಗಳ ಬಗ್ಗೆ ಊರಿಗೆ ಗೊತ್ತಾದರೆ ಮಾನ ಉಳಿಯುವುದಿಲ್ಲ.

ಇಷ್ಟರಲ್ಲೇ ಇದ್ದುಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ನಾನು ಪಾಂಡವಪುರದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸಕ್ಕಿದ್ದೇನೆ. 'ಇಡೀ ಪುಸ್ತಕವನ್ನು ಜೆರಾಕ್ಸ್ ಮಾಡಿಸುವುದು ಅಪರಾಧ' ಎಂಬ ಬೋರ್ಡನ್ನು ಬರೆದು ನೇತುಹಾಕಿದವಳೂ ನಾನೇ. ಒಂದು ಮಧ್ಯಾಹ್ನ ಜೆರಾಕ್ಸ್ ಪುಸ್ತಕ ಹಿಡಿದುಕೊಂಡು ಬಂದ ವಿದ್ಯಾರ್ಥಿನಿಯೊಬ್ಬಳನ್ನು ನಿಲ್ಲಿಸಿಕೊಂಡು, ಬರೆದವರ ಶ್ರಮದ ಬಗ್ಗೆ ಭಾಷಣ ಮಾಡಿದೆ. ಸಂಜೆ ಬಸ್ಸಿನಲ್ಲಿ ಫೋನು ತೆಗೆದು ನೋಡಿದರೆ, ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ತುಂಬಿಸಿಕೊಂಡ ನೂರಾರು ಹಾಡುಗಳು. ಪ್ರತಿಯೊಂದರ ಬಾಲದಲ್ಲೂ ಯಾವುದೋ ಕಳ್ಳ ವೆಬ್‌ಸೈಟಿನ ಹೆಸರು. ನನ್ನ ಭಾಷಣ ನನಗೇ ಕೇಳಿಸತೊಡಗಿತು. ನಮ್ಮೂರು ಅರಕೆರೆ ತಲುಪುವಷ್ಟರಲ್ಲಿ ಎಲ್ಲವನ್ನೂ ಅಳಿಸಿಹಾಕಿದೆ.

ಕಾನೂನಿನ ಪ್ರಕಾರ ಹಾಡು ಕೇಳಲು ದಾರಿಗಳೇನೋ ಇವೆ. ರೇಡಿಯೋ ಇದೆ, ಅವರು ಹಾಕಿದ್ದನ್ನು ನಾವು ಕೇಳಬೇಕು. ಪುಕ್ಕಟೆ ಆ್ಯಪುಗಳಿವೆ, ವಿರಹದ ಹಾಡು ಮುಗಿದು ಗಾಯಕಿಯ ನಿಟ್ಟುಸಿರು ಇನ್ನೂ ಕಿವಿಯಲ್ಲಿರುವಾಗಲೇ ಗಂಡಸೊಬ್ಬ ಬಂದು ಸಿಮೆಂಟಿನ ಬಗ್ಗೆ ಕೂಗುತ್ತಾನೆ. ಒಂದು ದಿನ ಇಯರ್‌ಫೋನಿನ ಪಿನ್ನು ಸಡಿಲವಾಗಿ, ಆ ಸಿಮೆಂಟು ಬಸ್ಸಿಗೆಲ್ಲ ಕೇಳಿಸಿತು. ಮುಂದಿನ ಸೀಟಿನ ಹೆಂಗಸು ಹಿಂತಿರುಗಿ, "ಮನೆ ಕಟ್ಟಿಸ್ತಾ ಇದ್ದೀಯೇನವ್ವಾ?" ಎಂದು ವಿಚಾರಿಸಿದರು. ದುಡ್ಡು ಕೊಟ್ಟೇ ಕೇಳುವುದೆಂದು ಅವತ್ತು ತೀರ್ಮಾನಿಸಿದೆ.

ಅದರಲ್ಲಿ ಒಬ್ಬರಿಗೊಂದು ಪ್ಲಾನು, ಚೂರು ಜಾಸ್ತಿ ಕೊಟ್ಟರೆ ಆರು ಜನದ ಕುಟುಂಬಕ್ಕೊಂದು ಪ್ಲಾನು. ಅಮ್ಮನಿಗೆ ಹೇಳಿದೆ. "ಅಷ್ಟು ಜಾಗ ಖಾಲಿ ಬುಟ್ಕಂಡು ಒಬ್ಳೇ ಓಗಾಕೆ ನೀನೇನು ಮಂತ್ರಿಯಾ? ಯಾರ್ನಾರ ಕೂರಿಸ್ಕೋ" ಎಂದರು. ಷರತ್ತುಗಳನ್ನು ಕೊನೆಯ ಸಾಲಿನವರೆಗೂ ಓದಿದೆ. ಹಾಗೆ ಓದಿದವಳು ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು. ಸದಸ್ಯರೆಲ್ಲ ಒಂದೇ ವಿಳಾಸದಲ್ಲಿ ವಾಸಿಸುವ ಕುಟುಂಬದವರಾಗಿರಬೇಕಂತೆ. ಅಪ್ಪನದು ಬಟನ್ ಫೋನು. ಅಮ್ಮನ ಫೋನಿನಲ್ಲಿ ಜಾಗವಿಲ್ಲ. ಉಳಿದವರು ಚಿಕ್ಕಪ್ಪ.

ಚಿಕ್ಕಪ್ಪ ಇರುವುದು ಗೋಡೆಯ ಆಚೆ. ಅಣ್ಣತಮ್ಮಂದಿರು ಬೇರೆಯಾದಾಗ ಪಡಸಾಲೆಯ ನಡುವೆ ಗೋಡೆ ಎದ್ದಿತು. ಗದ್ದೆ, ತೆಂಗಿನ ಮರ, ಕಡೆಗೆ ಹಿತ್ತಲಿನ ಒಗೆಯುವ ಕಲ್ಲೂ ಪಾಲಾಯಿತು. ಮನೆ ನಂಬರು ಮಾತ್ರ ಪಾಲಾಗಲಿಲ್ಲ. ಅಪ್ಪ ಒರಗಿ ಕೂರುತ್ತಿದ್ದ ಮರದ ಕಂಬ ಚಿಕ್ಕಪ್ಪನ ಕಡೆಗೆ ಹೋಯಿತು. ಗೋಡೆಯನ್ನು ಒಂದು ಮೊಳ ಸರಿಸು ಎಂದು ಅಪ್ಪ ಕೇಳಿದರು, ಚಿಕ್ಕಪ್ಪ ಆಗುವುದಿಲ್ಲ ಎಂದರು. ಅಲ್ಲಿಂದ ಇಬ್ಬರಿಗೂ ಮಾತಿಲ್ಲ. ಗೋಡೆ ದಾಟಿ ಬರುತ್ತಿದ್ದದ್ದು ಎರಡೇ: ಚಿಕ್ಕಮ್ಮನ ಆಡುಗಳು, ಚಿಕ್ಕಪ್ಪನ ಮೆಮೊರಿ ಕಾರ್ಡಿನ ಹಾಡುಗಳು. ವಿಳಾಸ ಒಂದೇ ಇದೆ, ಅವರನ್ನೂ ಕಾನೂನಿನೊಳಗೆ ತಂದಂತಾಯಿತು ಎಂದುಕೊಂಡು ಶನಿವಾರ ಮಧ್ಯಾಹ್ನ ಅವರ ಫೋನಿಗೆ ಆಹ್ವಾನ ಕಳಿಸಿದೆ. ಆ್ಯಪು ತಾನೇ ಬರೆದ ಅದರ ಒಕ್ಕಣೆಯನ್ನು ಮಾತ್ರ ಓದಲಿಲ್ಲ.

ಸಂಜೆ ಚಿಕ್ಕಪ್ಪ ಒಗೆದ ಪಂಚೆ ಉಟ್ಟು ನಮ್ಮ ಬಾಗಿಲಲ್ಲಿ ನಿಂತಿದ್ದರು. ಹಿಂದೆ ಚಿಕ್ಕಮ್ಮ, ಕೈಯಲ್ಲಿ ಎಲೆ ಅಡಿಕೆ ಬಾಳೆಹಣ್ಣಿನ ತಟ್ಟೆ.

"ಅಣ್ಣಾ, ನಿನ್ ಬಾಯಲ್ಲಿ ಬರಾಕಿಲ್ಲ ಅಂತ ನಂಗೊತ್ತಿಲ್ವಾ? ಮಗಳ ಕೈಲಿ ಯೋಳ್ಸಿದ್ಯಲ್ಲಾ, ಸಾಕು ಬುಡು."

"ಏನ್ಲಾ ಯೋಳ್ಸಿದ್ದು ನಾನು?" ಎಂದರು ಅಪ್ಪ.

ಚಿಕ್ಕಪ್ಪ ಫೋನನ್ನು ದೂರ ಹಿಡಿದು ಒಂದೊಂದೇ ಅಕ್ಷರ ಓದಿದರು. 'ಸುಮಾ ನಿಮ್ಮನ್ನು ತಮ್ಮ ಕುಟುಂಬಕ್ಕೆ ಸೇರಲು ಕರೆಯುತ್ತಿದ್ದಾರೆ. ಒಪ್ಪಿಕೊಳ್ಳುವಿರಾ?' "ಒಪ್ದೆ ಏನ್ಮಾಡ್ಲಿ? ಎಷ್ಟ್ ವರ್ಸ ಅಂತ ಇಬ್ರೂ ಗ್ವಾಡೆ ನೋಡ್ಕಂಡು ಕೂರೋದು?"

ಅಪ್ಪ ನನ್ನ ಕಡೆ ನೋಡಿದರು. ಪುಸ್ತಕವೊಂದು ತಪ್ಪು ಕಪಾಟಿನಲ್ಲಿದ್ದರೆ ನನಗೆ ಊಟ ಸೇರುವುದಿಲ್ಲ. ಇಲ್ಲಿ ಇಡೀ ಚಿಕ್ಕಪ್ಪನೇ ತಪ್ಪು ಕಪಾಟಿಗೆ ಬಂದು ಕಣ್ಣೊರೆಸಿಕೊಳ್ಳುತ್ತಿದ್ದರು. ನಿಜ ಹೇಳಿದರೆ ಆ ತಟ್ಟೆ ಹಾಗೇ ವಾಪಸು ಹೋಗುತ್ತದೆ, ಅದರೊಂದಿಗೆ ಚಿಕ್ಕಪ್ಪನ ಮುಖವೂ. ಆಮೇಲೆ ಈ ಜನ್ಮದಲ್ಲಿ ನಮ್ಮ ಬಾಗಿಲಿಗೆ ಅವರು ಬರುವುದಿಲ್ಲ. ಸುಮ್ಮನಿರುವುದು ನನ್ನ ಹುಟ್ಟುಗುಣ. ಸುಮ್ಮನಿರಲೇಬೇಕಾದ ಆ ಒಂದು ಗಳಿಗೆಯಲ್ಲಿ ನಾನು ಬಾಯಿಬಿಟ್ಟೆ.

"ಚಿಕ್ಕಪ್ಪಾ, ಅದು ಹಾಡಿಗೆ. ಬರೀ ಹಾಡಿಗೋಸ್ಕರ."

ನಮ್ಮ ಕಡೆ ಮಾತಿನ ಮೊದಲಿನ ಹಕಾರವನ್ನು ಯಾರೂ ಉಚ್ಚರಿಸುವುದಿಲ್ಲ, ಹಾಗಾಗಿ ಯಾರ ಕಿವಿಗೂ ಅದು ಬೀಳುವುದಿಲ್ಲ. ಮೈಸೂರಿನಲ್ಲಿ ಎಂ.ಎ. ಮಾಡಿ ನಾನು ಊರಿಗೆ ತಂದ ಆಸ್ತಿ ಆ ಹಕಾರವೊಂದೇ.

"ಆಡಾ?" ಚಿಕ್ಕಪ್ಪನ ಮುಖ ಅರಳಿತು. "ಆಡೇ ಕುಯ್ಯಾನ ಕಣವ್ವಾ! ಕೋಳಿ ಗೀಳಿ ಏನೂ ಬ್ಯಾಡ. ನಾಳೆ ಭಾನ್ವಾರ!"

"ಮಾತೇ ಆಡ್ದಿರೋ ಮಗ ಬಾಯ್ಬುಟ್ಟು ಕೇಳೈತೆ. ಆ ಕರೀದನ್ನೇ ಕುಯ್ಸಿ" ಎಂದರು ಚಿಕ್ಕಮ್ಮ.

ಹಾಸ್ಟೆಲಿನ ದಿನಗಳಿಂದ ನಾನು ಮಾಂಸ ಮುಟ್ಟಿಲ್ಲ. ಅದನ್ನು ಹೇಳಲು ಮತ್ತೆ ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಅಮ್ಮನ ಕಡೆ ತಿರುಗಿ, "ಅವ್ನಿಗೆ ಚಾಪೆ ಆಕು" ಎಂದರು. ಬಾಯಿ ಮುಚ್ಚಿಕೊಂಡೆ.

ಮಾರನೆಯ ಬೆಳಿಗ್ಗೆ ಗೋಡೆಯ ಆಚೆ ಕೂತು ಮೊರದ ತುಂಬ ಬೆಳ್ಳುಳ್ಳಿ ಬಿಡಿಸಿದೆ. ಹಿತ್ತಲಿನ ಕಡೆ ನೋಡಲಿಲ್ಲ. ಒಂದು ಹಕಾರದ ಕೊರತೆಯಿಂದ ಹೋದ ಜೀವಕ್ಕೆ ಮುಖ ತೋರಿಸುವುದು ಹೇಗೆ? ಅಪ್ಪ ತಮ್ಮ ಕಂಬಕ್ಕೆ ಒರಗಿದ್ದರು. ನನ್ನ ಕಡೆ ಬಗ್ಗಿ ಮೆಲ್ಲಗೆ, "ನೀ ಫೋನಿಗೆ ಕಳ್ಸಿದ್ದು ಆಡಿಂದೇ ತಾನೇ?" ಎಂದರು. ಹೂಂ ಎಂದೆ. "ಯಾವ್ ಆಡು ಅಂತ ಯಾರ್ಗೂ ಯೋಳ್ಬ್ಯಾಡ" ಎಂದು ಕಣ್ಣು ಮುಚ್ಚಿಕೊಂಡರು.

ಚಿಕ್ಕಪ್ಪ ಫೋನು ತಂದು, "ಒಪ್ಪಿದ್ದೀನಿ ಅಂತ ಎಲ್ ಒತ್ತಬೇಕು ಮಗಾ?" ಎಂದರು. ಒತ್ತಿದೆ. 'ನೀವೆಲ್ಲರೂ ಒಂದೇ ಮನೆಯಲ್ಲಿ ವಾಸಿಸುತ್ತಿದ್ದೀರಾ?' ಎಂದು ಕೇಳಿತು. ಕಂಬದ ಕಡೆ ಒಮ್ಮೆ ನೋಡಿ, ಬೆಳ್ಳುಳ್ಳಿ ಕೈಯಲ್ಲೇ 'ಹೌದು' ಒತ್ತಿದೆ. ಲೋಕದ ಹಾಡೆಲ್ಲ ಕಾನೂನಿನ ಪ್ರಕಾರ ಕೈಗೆ ಬಂದ ಮೇಲೆ ಚಿಕ್ಕಪ್ಪ ಅದರಲ್ಲಿ ಹುಡುಕಿ ಹುಡುಕಿ, ತಮ್ಮ ಮೆಮೊರಿ ಕಾರ್ಡಿನ ಅದೇ ಹಳೇ ಹಾಡನ್ನೇ ಪೂರ್ತಿ ಸೌಂಡಿಗೆ ಹಾಕಿದರು. ನಾನು ಎದ್ದು ಹೋಗಿ ಅಮ್ಮನ ಹತ್ತಿಯಲ್ಲಿ ಇನ್ನೆರಡು ಚೂರು ಕಿತ್ತು, ಎರಡೂ ಕಿವಿಗೆ ಇಟ್ಟುಕೊಂಡು, ಬೆಳ್ಳುಳ್ಳಿಯ ಮುಂದೆ ಬಂದು ಕೂತೆ.