ನಾಲ್ಕನೇ ಗೂಟ

ಇವತ್ತು ನಲ್ಲಿ ನೀರು ಹಿಡಿದೆ, ನೆನೆದ ಅವರೆಕಾಳು ಹಿಸುಕಿದೆ, ಎರಡು ಸೀರೆ ಒಗೆದು ಹರವಿದೆ, ಗೂಟಕ್ಕೆ ಕೊತ್ತಂಬರಿ ಕಟ್ಟು ತೂಗುಹಾಕಿ ತಮ್ಮನಿಂದ ಬೈಸಿಕೊಂಡೆ. ಕೊತ್ತಂಬರಿಯ ಮೇಲೆ ಸಿಟ್ಟಾಗುವ ಮೇಷ್ಟ್ರು ಇಡೀ ಯಳಂದೂರಿಗೆ ಇವನೊಬ್ಬನೇ ಇರಬೇಕು!

ಹನೂರಿನಿಂದ ಬಂದು ಮೂರು ವರ್ಷದಿಂದ ನಮ್ಮ ಮನೆಯಲ್ಲಿದ್ದಾನೆ. ಕೊಳ್ಳೇಗಾಲದ ಕಾಲೇಜೊಂದರಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಸುವ ಅತಿಥಿ ಉಪನ್ಯಾಸಕ. ಆ ಭಾಷೆಯಲ್ಲಿ ‘ಕ್ಲಾಸ್’ ಎಂಬ ಅಚ್ಚು ಮಾಡುವಾಗಲೇ ಯಾವುದಕ್ಕೆ ಯಾವ ಜಾಗವೆಂದು ‘ಸ್ಲಾಟ್’ ಗೊತ್ತುಮಾಡಿದರೆ, ಆಮೇಲೆ ಅದರಲ್ಲಿ ಬೇರೇನೂ ಇಡುವಂತಿಲ್ಲವಂತೆ. ನನಗೆ ತಿಳಿಯಲೆಂದು ಪಡಸಾಲೆಯ ಗೋಡೆಗೆ ಹಲಗೆ ಹೊಡೆದು ಮೂರು ಗೂಟ ಜಡಿದ. ಮೇಲೆ ಚೀಟಿ: ಭಾವನ ಅಂಗಿ, ಭಾವನ ಕೊಡೆ, ಬೀಗದ ಕೈ. ಕೊತ್ತಂಬರಿಗೆ ಚೀಟಿ ಎಲ್ಲಿದೆ?

ನಮ್ಮ ಯಜಮಾನರು ಕೊಡೆಯನ್ನು ಬಸ್ಸಿನಲ್ಲೇ ಬಿಟ್ಟು ಬಂದ ದಿನ ಅವನಿಗೆ ಹಬ್ಬ.

“ನೋಡಕ್ಕ, ಗೂಟ ಐತೆ, ಕೊಡೆ ಇಲ್ಲ. ಈಗ ಕೊಡೆ ಕೇಳುದ್ರೆ ಎರರ್ ಬತ್ತದೆ.”

“ಎರರ್ ಅಲ್ಲ ಕಣ್ಲಾ, ನಿಮ್ ಭಾವಂಗೆ ನೆಗಡಿ ಬತ್ತದೆ.”

ನನ್ನ ಮಗಳು ಹಲಗೆಯ ಕೆಳಗೊಂದು ಚೀಲವಿಟ್ಟು ರಿಬ್ಬನ್ನು, ಸಾಕ್ಸು, ಅರ್ಧ ಕಚ್ಚಿದ ಸೀಬೆಹಣ್ಣು ತುಂಬಿದಳು. ಬೈಯುತ್ತಾನೆಂದುಕೊಂಡೆ. “ಸರಿಯಾಗೇ ಐತೆ. ಪೈಥಾನಲ್ಲೂ ಒಂದ್ ಕ್ಲಾಸಿಂದ ಇನ್ನೊಂದ್ ಹುಟ್ತದೆ, ಅಪ್ಪನ ಗೂಟ ಮಗಳಿಗೂ ಬತ್ತವೆ. ತನ್ ಪಾಲಿಗೆ ಇಷ್ಟೇ ಅಂತ ಅವ್ಳು ಬರ್ಕೊಡ್ನಿಲ್ಲ ಅಂದ್ರೆ ಜೊತೆಗೆ ಚೀಲಾನೂ ಬತ್ತದೆ. ಅದ್ರೊಳಕೆ ಏನ್ ಬೇಕಾದ್ರೂ ತುಂಬ್ಕಬೋದು,” ಎಂದ. ಅಪ್ಪನ ಶಿಸ್ತು ಮಗಳ ಸೀಬೆಹಣ್ಣಿಗೆ ಸೋಲುತ್ತದೆಂದು ತಿಳಿಯಲು ಇಷ್ಟೆಲ್ಲ ಓದಬೇಕೇ?

ಅವನದೂ ಒಂದು ಚೀಲವಿತ್ತು. ಬಟ್ಟೆಬರೆ ಅದರಲ್ಲೇ, ಮಲಗಿದರೆ ತಲೆದಿಂಬೂ ಅದೇ. “ನಿಂಗೂ ಒಂದು ಗೂಟ ಹೊಡ್ಕಳ್ಳೋ” ಎಂದರೆ, “ನಂದು ವರ್ಷಾವರ್ಷದ ಆರ್ಡರು ಕಣಕ್ಕ, ಯಾವಾಗ ಓಯ್ತೀನೋ” ಎನ್ನುತ್ತಿದ್ದ.

ಇವತ್ತು ಕಾಯಂ ಕೆಲಸಕ್ಕೆ ಅವನ ಡೆಮೊ ಪಾಠ. ಆಗದಿದ್ದರೆ ಚೀಲ ಹೊತ್ತು ಹನೂರಿಗೆ. ಅವನು ಬಸ್ಸು ಹತ್ತಿದ ಮೇಲೆ ಸುತ್ತಿಗೆ ಹುಡುಕಿ ನಾನೇ ಇನ್ನೊಂದು ಗೂಟ ಜಡಿದೆ. ಚೀಟಿ ಅಂಟಿಸಿದೆ: ತಮ್ಮನ ಅಂಗಿ.

ಸಂಜೆ ಬಂದವನು ಹಲಗೆಯ ಮುಂದೆ ನಿಂತೇಬಿಟ್ಟ.

“ಕ್ಲಾಸಿನ ಅಚ್ಚು ಮಾಡಿ ಮುಗುಸ್ದ ಮೇಲೆ ಸ್ಲಾಟಿನ ಪಟ್ಟಿಗೆ ಎಷ್ಟ್ ಹೆಸ್ರು ಸೇರ್ಸುದ್ರೂ ಹೊಸ ಸ್ಲಾಟ್ ಆಗಕಿಲ್ಲ ಕಣಕ್ಕ. ಇವತ್ತು ಅದನ್ನೇ ಕೇಳುದ್ರು.”

“ನೀ ಏನಂದೆ?”

“ಆಗಕಿಲ್ಲ ಅಂದೆ.”

“ಕೆಲ್ಸ?”

“ಮುಂದಿನ ವಾರ ತಿಳಿಸ್ತಾರಂತೆ.”

“ತಿಳಿಸ್ಲಿ ಬುಡು. ಅಂಗಿ ಬಿಚ್ಚಿ ನೇತಾಕು.”

ಗೂಟವನ್ನು ಒಮ್ಮೆ ಎಳೆದು ನೋಡಿದ. ಅಲ್ಲಾಡಲಿಲ್ಲ. ಅಂಗಿ ನೇತುಹಾಕಿದ. ಆಮೇಲೆ ಚೀಲದಲ್ಲಿದ್ದುದನ್ನೂ ಒಂದೊಂದಾಗಿ ತೆಗೆದು ಅದರ ಮೇಲೇ ಹೇರಿದ.

ಊಟಕ್ಕೆ ಮುದ್ದೆ, ಹಿಸುಕಿದ ಬೇಳೆ ಸಾರು. ಖಾಲಿ ಚೀಲವನ್ನು ಮಗಳು ಎತ್ತಿಕೊಂಡು ಹೋದಳು. ನಾನು ಕೊಟ್ಟ ದಿಂಬಿಗೆ ತಲೆಯಿಟ್ಟು ಎಲ್ಲರಿಗಿಂತ ಮೊದಲು ನಿದ್ದೆ ಹೋದವನು ಅವನೇ.